ನಿಮಗ ಸೂಟಿ, ನಮಗ ಭಾಂಡೆ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಸೋಮವಾರ ಬಸವಣ್ಣನ ವಾರ. ಹದ ತಪ್ಪುತ್ತಿದ್ದರೂ, ಪಕ್ಕದ ಹೊಲದವರು ಬಿತ್ತನೆ ಮುಗಿಸಿದ್ದರೂ ಹಿಂದಿನ ರೈತರು ಅಂದು ಗಳೆ ಹೂಡುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ವಾರ, ತಿಥಿ ಯಾವುದೂ ಇಲ್ಲವಾದ್ದರಿಂದ ಧಾರವಾಡದ ಎರೆ ಸೀಮೆಯಲ್ಲಿ ಈ ಕಟ್ಟಳೆ ಈಗ ಸಡಿಲಾಗಿದೆ. ಎತ್ತು ಉಳಿದಿರುವ ಮನೆಗಳಲ್ಲಿ ಇಂದಿಗೂ ನಡೆದಿದೆ. ಕಾನೂನು, ಕಾರ್ಮಿಕ ಸಂಘ ಏನೂ ಇಲ್ಲದ ಕಾಲದಲ್ಲಿ ಎತ್ತಿಗೆ ವಾರದ ರಜೆ ಸಿಕ್ಕಿತ್ತು ಎಂದು ಹೆಮ್ಮೆಪಡಬಹುದು. ಆದರೆ ಅಂದು ಎತ್ತು ಹೊಡೆಯುವವನು ಏನು ಮಾಡುತ್ತಿದ್ದ? ಹಗ್ಗ ಹೊಸೆಯುತ್ತಿದ್ದ, ಕುಂಟೆ ಕೂರಿಗೆಗಳನ್ನು ಬಡಿಗರಲ್ಲಿಗೆ ಒಯ್ಯುತ್ತಿದ್ದ, ಹತ್ತಿರದಲ್ಲಿ ಸಂತೆಯಿದ್ದರೆ ಹೋಗಿಬರುತ್ತಿದ್ದ. ಅವನದು ಅರ್ಧ ರಜೆ. ಕೊಟ್ಟಿಗೆ ಬಳಿಯುವ ಹೆಂಗಸಿಗೆ ಅದೂ ಇಲ್ಲ. ಎತ್ತು ಸೋಮವಾರವೂ ಮೇವು ತಿನ್ನುತ್ತದೆ, ಸಗಣಿ ಹಾಕುತ್ತದೆ. ಹೊಲಕ್ಕೆ ಹೋಗದೆ ಇಡೀ ದಿನ ಗೋದಲಿ ಮುಂದೆ ನಿಂತ ಎತ್ತು ಕೊಟ್ಟಿಗೆಯಲ್ಲಿ ಹಾಕುವುದು ಉಳಿದ ದಿನಗಳಿಗಿಂತ ಹೆಚ್ಚೇ.

ವಾರದ ಕೆಲಸವನ್ನು ಐದು ದಿನಕ್ಕೋ ನಾಲ್ಕು ದಿನಕ್ಕೋ ಇಳಿಸಬೇಕೆಂಬ ಮಾತು ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಈ ಕೊಟ್ಟಿಗೆಯ ಪ್ರಶ್ನೆಯನ್ನೇ: ರಜೆ ಯಾರಿಗೆ, ಅಂದಿನ ಕೆಲಸ ಯಾರಿಗೆ? ನಾನು ಬ್ಯಾಂಕಿನವಳು. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಶಾಖೆ. ರಜೆ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಐದು ದಿನದ ವಾರಕ್ಕಾಗಿ ನಮ್ಮ ಸಂಘದವರು ನಡೆಸಿದ ಧರಣಿಗಳಲ್ಲಿ ನಾನೂ ಬಿಸಿಲಲ್ಲಿ ನಿಂತು ಘೋಷಣೆ ಕೂಗಿದ್ದೇನೆ. ಹಾಗಿದ್ದೂ ಈ ಬೇಡಿಕೆಯ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾನುವಾರದ ರಜೆ ಬ್ರಿಟಿಷರು ತಾವಾಗಿಯೇ ಕೊಟ್ಟದ್ದು ಎಂದು ತಿಳಿದವರು ಬಹಳ ಮಂದಿ. ಸರ್ಕಾರಿ ಕಚೇರಿಗಳ ಮಟ್ಟಿಗೆ ಅದು ಸರಿಯಿರಬಹುದು, ಗಿರಣಿಗಳ ಮಟ್ಟಿಗೆ ಅಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರನ್ನು ಒಟ್ಟುಗೂಡಿಸಿ ಒಂದು ಮನವಿ ಸಿದ್ಧಪಡಿಸಿದರು. ಭಾನುವಾರ ಪೂರ್ತಿ ರಜೆ ಬೇಕು. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು. ಬೆಳಿಗ್ಗೆ ಆರೂವರೆಗೆ ಶುರುವಾದ ಕೆಲಸ ಹೊತ್ತು ಮುಳುಗುವಾಗ ಮುಗಿಯಬೇಕು. ಒಂದು ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗಾದರೂ ಕೈಗೆ ಬರಬೇಕು. ಕೇಳಿದ್ದರಲ್ಲಿ ಮುಖ್ಯವಾದವು ಇವು. ಹೊತ್ತು ಮುಳುಗುವವರೆಗೆ ದುಡಿಯುವುದನ್ನೇ ಸೌಲಭ್ಯವೆಂದು ಕೇಳಬೇಕಾಗಿತ್ತೆಂದರೆ ಅದಕ್ಕೂ ಮೊದಲಿನ ಸ್ಥಿತಿ ಹೇಗಿದ್ದಿರಬೇಕು! ಭಾನುವಾರವೇ ಏಕೆ ಎಂಬುದಕ್ಕೆ ಲೋಖಂಡೆಯವರ ಉತ್ತರ ಚೆನ್ನಾಗಿದೆ: ಅದು ಖಂಡೋಬನ ವಾರ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗನೇ. ಕ್ರೈಸ್ತ ಸರ್ಕಾರದ ಭಾನುವಾರವನ್ನು ಮೈಲಾರನ ಹೆಸರಲ್ಲಿ ಕೇಳಿ ಪಡೆದ ಜಾಣತನ ನನಗೆ ಬಹಳ ಇಷ್ಟ. 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರ ಕಾರ್ಮಿಕರು ಸೇರಿದ ಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. ಆ ಇಬ್ಬರಿಗೆ ಭಾನುವಾರ ಗಿರಣಿ ತಪ್ಪಿತು. ಒಲೆ ತಪ್ಪಿರಲಾರದು.

ಮುಂದಿನದು ಕಾನೂನಿನ ಕಥೆ. ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಮೊಟ್ಟಮೊದಲ ಒಡಂಬಡಿಕೆಯನ್ನು 1919ರಲ್ಲಿ ಮಾಡಿತು; ಬ್ರಿಟಿಷ್ ಭಾರತಕ್ಕೆ ಮಾತ್ರ ಅದರಲ್ಲಿ ಬೇರೆ ಲೆಕ್ಕ, 60 ಗಂಟೆ. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಅಂಬೇಡ್ಕರ್ ಅವರು ಎಂಟು ಗಂಟೆಯ ದಿನಕ್ಕೆ ಪಟ್ಟು ಹಿಡಿದರು. 1946ರ ತಿದ್ದುಪಡಿಯಲ್ಲಿ 48 ಗಂಟೆ ಬಂತು, 1948ರ ಕಾರ್ಖಾನೆ ಕಾಯ್ದೆಯಲ್ಲಿ ಅದು ಗಟ್ಟಿಯಾಯಿತು. ಅಲ್ಲಿಂದ ಈಚೆಗೆ ಆ ಗೆರೆ ಒಂದು ಗಂಟೆಯಷ್ಟೂ ಕೆಳಗಿಳಿದಿಲ್ಲ. ರೇಡಿಯೊ ಹೋಗಿ ಟಿವಿ ಬಂತು, ಲೆಡ್ಜರ್ ಹೋಗಿ ಕಂಪ್ಯೂಟರ್ ಬಂತು, 48 ಹಾಗೆಯೇ ಕೂತಿದೆ.

ನಮಗೆ ಬ್ಯಾಂಕಿನವರಿಗೆ ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಬಂದದ್ದು 2015ರ ಸೆಪ್ಟೆಂಬರ್‌ನಿಂದ. ಅದಕ್ಕೆ ಮೊದಲು ಎಲ್ಲ ಶನಿವಾರವೂ ಅರ್ಧ ದಿನ ಇತ್ತು. ಎರಡು ಶನಿವಾರ ಪೂರ್ತಿ ಬಿಟ್ಟು, ಉಳಿದ ಶನಿವಾರ ಪೂರ್ತಿ ತೆಗೆದುಕೊಂಡರು. ಹೊರಗಿನವರಿಗೆ ನಾವು ಗೆದ್ದ ಹಾಗೆ ಕಂಡಿತು. ಲೆಕ್ಕ ಹಾಕಿದರೆ ಅರ್ಧಗಳನ್ನು ಕೂಡಿಸಿ ಪೂರ್ತಿ ಮಾಡಿದ್ದು ಅಷ್ಟೆ. ಹಾಗೆಂದು ತಳ್ಳಿಹಾಕಲಾರೆ. ಅರ್ಧ ದಿನದ ಶನಿವಾರ ಎಂದರೆ ಎರಡು ಊರಿನ ನಡುವೆ ಓಡಾಡುವ ನನ್ನಂಥವರಿಗೆ ಪೂರ್ತಿ ದಿನವೇ ಆಗಿತ್ತು. ಬೆಳಗಿನ ಅಡುಗೆ ಅದೇ, ಬಸ್ಸು ಅದೇ, ಇಸ್ತ್ರಿ ಮಾಡಿದ ಸೀರೆ ಅದೇ.

ಆದರೆ ಆ ಶನಿವಾರಗಳು ನನ್ನ ಮನೆಗೆ ಬಂದಾಗ ಏನಾದವು ಎಂಬುದು ಹೇಳುವಂತಿದೆ. ಮನೆಯವರೆಲ್ಲರ ಬಾಕಿ ಕೆಲಸಗಳಿಗೆ ಒಂದು ತಾರೀಖು ಸಿಕ್ಕಿತು. ಅತ್ತೆಯವರ ಕಣ್ಣಿನ ಡಾಕ್ಟರು, ಮಗನ ಶಾಲೆಯ ಪಾಲಕರ ಸಭೆ, ದರ್ಜಿಯ ಹತ್ತಿರ ಉಳಿದ ರವಿಕೆಗಳು, ಅಕ್ಕಿ ಹಸನು ಮಾಡುವುದು, ನೀರಿನ ಟಾಕಿ ತೊಳೆಸುವುದು, ನಿಶ್ಚಿತಾರ್ಥ, ಸೀಮಂತ, ಎಲ್ಲ ‘ಎರಡನೇ ಶನಿವಾರಕ್ಕೆ’ ಬಂದು ನಿಂತವು. ಅತ್ತೆ ಬುಧವಾರವೇ ಶುರು ಮಾಡುತ್ತಿದ್ದರು: “ಶನಿವಾರ ಹೆಂಗೂ ನಿನಗ ಸೂಟಿ ಐತಲ್ಲವಾ, ಅವತ್ತ ಹೋಳಗಿ ಮಾಡೋಣಂತ.” ಹೋಳಿಗೆ ಎಂದರೆ ಕಡಲೆಬೇಳೆ ಬೇಯಿಸುವುದು, ಹೂರಣ ರುಬ್ಬುವುದು, ಕಣಕ ನಾದುವುದು, ಹೋಳಿಗೆ ಮಾಡಿದ ಮೇಲೆ ಕಟ್ಟಿನ ಸಾರು ಮಾಡಲೇಬೇಕು, ಸಾರು ಮಾಡಿದ ಮೇಲೆ ಅನ್ನಕ್ಕೆ ಪಲ್ಯ ಬೇಡವೆ? ಅವರನ್ನು ದೂರುತ್ತಿಲ್ಲ. ಒಲೆಯ ಮುಂದೆ ಐವತ್ತು ವರ್ಷ ಒಂದೂ ಸೂಟಿಯಿಲ್ಲದೆ ನಿಂತವರು ಅವರು. ಸೂಟಿ ಎಂದರೆ ದೊಡ್ಡ ಅಡುಗೆ ಎಂದೇ ಅವರ ಬದುಕು ಕಲಿಸಿದೆ. ನಮ್ಮ ಮನೆಯವರೂ ಅಂದು ಮನೆಯಲ್ಲೇ ಇರುತ್ತಿದ್ದರು. ಅವರ ಸೂಟಿಗೆ ಪೇಪರು, ಎರಡು ಸಲ ಚಹಾ, ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವುದು. ತಂದ ಮೆಂತ್ಯದ ಸಿವುಡುಗಳನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟರೆ ಅವರ ಪಾಲಿನದು ಮುಗಿಯಿತು. ಸೋಸುವುದು ಯಾರು ಎಂದು ಕೇಳಬೇಡಿ.

ಇಂಥ ಒಂದು ಶನಿವಾರ, ಹಿತ್ತಲ ಕಲ್ಲಿನ ಮೇಲೆ ಹೂರಣದ ಪಾತ್ರೆ, ರುಬ್ಬಿದ ಪಾತ್ರೆ, ಹಂಚು, ತಾಟು, ಬುಟ್ಟಿ ಎಲ್ಲ ರಾಶಿಯಾಗಿ ಬಿದ್ದಿದ್ದವು. ಪಾತ್ರೆ ತಿಕ್ಕಲು ಬರುವಾಕೆ ಬಂದವಳು ಸೊಂಟಕ್ಕೆ ಸೆರಗು ಸಿಕ್ಕಿಸುತ್ತ, ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿಯಲ್ಲಿ ಅಂದಳು: “ನಿಮಗ ಸೂಟಿ ಅಂದ್ರ ನಮಗ ಭಾಂಡೆ ಜಾಸ್ತಿ ನೋಡ್ರಿ ಅಕ್ಕಾರ.”

ರಜೆಯ ಬಗ್ಗೆ ನಾನು ಓದಿದ ಯಾವ ವರದಿಯಲ್ಲೂ ಈ ಮಾತು ಇಷ್ಟು ಸ್ಪಷ್ಟವಾಗಿಲ್ಲ. ನನ್ನ ರಜೆ ಅವಳ ಹೆಚ್ಚುವರಿ ಕೆಲಸ, ಅದಕ್ಕೆ ಓಟಿ ಇಲ್ಲ. ಕಾರ್ಖಾನೆಯಲ್ಲಾದರೆ ಹೆಚ್ಚಿಗೆ ದುಡಿದ ತಾಸಿಗೆ ಎರಡು ಪಟ್ಟು ಕೊಡಬೇಕೆಂದು ಕಾನೂನು ಹೇಳುತ್ತದೆ. ಹಿತ್ತಲು ಕಾರ್ಖಾನೆಯಲ್ಲ.

ಒಮ್ಮೆ ಈ ಕಣ್ಣು ತೆರೆದ ಮೇಲೆ ಶಾಖೆಯಲ್ಲೂ ಅದೇ ಕಾಣತೊಡಗಿತು. ನಾವು ಬಾಗಿಲು ಹಾಕಿದ ಶನಿವಾರ ಹಳ್ಳಿಗಳಲ್ಲಿ ದುಡ್ಡು ತೆಗೆಯುವುದು, ಕಟ್ಟುವುದು ನಿಲ್ಲುವುದಿಲ್ಲ. ಅದು ಬ್ಯಾಂಕ್ ಮಿತ್ರ ಎಂಬ ಹೆಸರಿನವರ ಕೈಗೆ ಹೋಗುತ್ತದೆ. ಕಿರಾಣಿ ಅಂಗಡಿಯ ಮೂಲೆಯಲ್ಲೋ ಪಂಚಾಯ್ತಿ ಕಟ್ಟೆಯ ಮೇಲೋ ಒಂದು ಪುಟ್ಟ ಯಂತ್ರ ಹಿಡಿದು ಕೂತು, ಅಜ್ಜಿಯರ ಸವೆದ ಹೆಬ್ಬೆರಳನ್ನು ಒರೆಸಿ ಒರೆಸಿ ಒತ್ತಿಸಿ ಪಿಂಚಣಿ ಕೊಡುವವರು ಇವರು. ಸಿಗುವುದು ವಹಿವಾಟಿನ ಮೇಲಿನ ಕಮಿಷನ್. ನಮಗೆ ರಜೆ ಬಂದಷ್ಟೂ ಇವರಿಗೆ ಗಿರಾಕಿ ಜಾಸ್ತಿ, ಗಿರಾಕಿ ಬಿಟ್ಟರೆ ಕಮಿಷನ್ ಕಡಿಮೆ. ಆದ್ದರಿಂದ ಇವರಿಗೆ ಯಾವ ಶನಿವಾರವೂ ಇಲ್ಲ.

ಇನ್ನು ಎಟಿಎಂ ಕಾಯುವವರು. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ನಮ್ಮ ಶಾಖೆಯ ಊಟದ ಕೋಣೆಯಲ್ಲಿ ಅದೇ ಗುಲ್ಲು. ಎಂಜಿನಿಯರ್ ಮಕ್ಕಳನ್ನು ಬೆಂಗಳೂರಿಗೆ ಕಳಿಸಿದವರಿಗೆಲ್ಲ ಸಿಟ್ಟು. ಡಬ್ಬಿಗೆ ನೀರು ತುಂಬಿಸಿಕೊಳ್ಳಲು ಒಳಗೆ ಬಂದ ಎಟಿಎಂ ಕಾವಲಿನಾತ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಎಪ್ಪತ್ತ ತಾಸಿಗೆ ಇಷ್ಟ್ಯಾಕ ಗದ್ಲರೀ ಮೇಡಂ? ನಂದು ಎಂಬತ್ನಾಕ ಆಗ್ತಾವು,” ಎಂದ. ಹನ್ನೆರಡು ತಾಸಿನ ಪಾಳಿ, ವಾರಕ್ಕೆ ಏಳು ದಿನ; ಗುಣಿಸಿ ನೋಡಿ. ಅವನು ನಮ್ಮ ಬಾಗಿಲಲ್ಲೇ ಕೂರುತ್ತಾನೆ, ನಮ್ಮವನಲ್ಲ. ಏಜೆನ್ಸಿಯವನು. ನಮ್ಮ ರಜೆ ಅವನಿಗಿಲ್ಲ, ನಮ್ಮ ಸಂಘವೂ ಅವನಿಗಿಲ್ಲ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90 ಗಂಟೆಯ ಮಾತಾಡಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬಂತೆ ಕೇಳಿದಾಗ ದೇಶವೆಲ್ಲ ರೇಗಿತು. ಅವರ ಮಾತಿನಲ್ಲಿ ನನಗೆ ಚುಚ್ಚಿದ್ದು ಬೇರೆ. ಗಂಡ ಹೆಂಡತಿಯ ಮುಖ ನೋಡುತ್ತ ಕೂತರೆ ಹೆಂಡತಿಯೂ ಸುಮ್ಮನೆ ಕೂತಿರುತ್ತಾಳೆ ಎಂದು ಅವರು ತಿಳಿದಂತಿದೆ. ಯಾವ ಮನೆಯಲ್ಲಿ?

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಏಳರಿಂದ ಗುಣಿಸಿದರೆ ಹೆಂಗಸರದು ವಾರಕ್ಕೆ 33 ಗಂಟೆ ದಾಟುತ್ತದೆ. ಫ್ರಾನ್ಸಿನಲ್ಲಿ ಪೂರ್ತಿ ಉದ್ಯೋಗದ ವಾರ 35 ಗಂಟೆ. ಅಂದರೆ ನಮ್ಮ ಹೆಂಗಸರು ಮನೆಯೊಳಗೇ ಒಂದು ಫ್ರೆಂಚ್ ನೌಕರಿಯನ್ನು ಹೆಚ್ಚುಕಡಿಮೆ ಮುಗಿಸಿ, ಆಮೇಲೆ ಬಸ್ಸು ಹತ್ತುತ್ತಾರೆ.

ಇದನ್ನು ಹೇಳಿದರೆ ನಮ್ಮ ಸಂಘದ ಗೆಳೆಯರಿಗೆ ಇರಿಸುಮುರಿಸು. “ಮೇಡಂ, ನೀವು ರಜೆ ಪರನೋ ವಿರೋಧನೋ?” ಎನ್ನುತ್ತಾರೆ. ನಾನು ಗಂಟೆ ಕಡಿಮೆ ಮಾಡುವುದರ ಪರ. ದಿನ ಕಡಿಮೆ ಮಾಡಿ ಗಂಟೆ ಹಾಗೇ ಉಳಿಸುವುದರ ಪರ ಅಲ್ಲ. ಈ ಎರಡನ್ನೂ ‘ಚಿಕ್ಕ ವಾರ’ ಎಂದು ಒಂದೇ ಚೀಲಕ್ಕೆ ತುಂಬುತ್ತಿರುವುದೇ ಇಂದಿನ ಚರ್ಚೆಯ ಗೊಂದಲ.

ಐಸ್‌ಲ್ಯಾಂಡ್ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅಲ್ಲಿ 2015ರಿಂದ 2019ರವರೆಗೆ ರಾಜಧಾನಿ ರೇಕ್ಯಾವಿಕ್‌ನ ನಗರಸಭೆ ಮತ್ತು ಸರ್ಕಾರದ ಕಚೇರಿಗಳಲ್ಲಿ ಸುಮಾರು 2,500 ಜನರ ಮೇಲೆ ಪ್ರಯೋಗ ನಡೆಯಿತು. ಸುದ್ದಿಯಲ್ಲಿ ಅದು ‘ನಾಲ್ಕು ದಿನದ ವಾರ’ ಎಂದೇ ಬಂತು. ನಿಜವಾಗಿ ಆದದ್ದು 40 ಗಂಟೆಯ ವಾರವನ್ನು ಸಂಬಳ ಕಡಿಯದೆ 35–36 ಗಂಟೆಗೆ ಇಳಿಸಿದ್ದು. ಕೆಲಸದ ಗುಣಮಟ್ಟ ಕೆಡಲಿಲ್ಲ, ಜನ ಹಗುರಾದರು. ಬ್ರಿಟನ್ನಿನಲ್ಲಿ 2022ರಲ್ಲಿ 61 ಸಂಸ್ಥೆಗಳು, ಸುಮಾರು 2,900 ನೌಕರರು ಆರು ತಿಂಗಳು ಪ್ರಯೋಗ ಮಾಡಿದರು. ಪೂರ್ತಿ ಸಂಬಳ, ಗಂಟೆ ಕಡಿಮೆ. 56 ಸಂಸ್ಥೆಗಳು ಅವಧಿ ಮುಗಿದ ಮೇಲೂ ಮುಂದುವರಿಸಿದವು. ಇವು ಗಂಟೆ ಇಳಿಸಿದವರ ಕಥೆ. ಅದೇ ವರ್ಷ ಬೆಲ್ಜಿಯಂ ತನ್ನ ನೌಕರರಿಗೆ ನಾಲ್ಕು ದಿನದ ವಾರ ಕೇಳುವ ಹಕ್ಕು ಕೊಟ್ಟಿತು. ಗಂಟೆ ಮಾತ್ರ ಅಷ್ಟೇ, ದಿನ ಉದ್ದವಾಯಿತು.

ನಮ್ಮಲ್ಲಿ ತರಲು ಹೊರಟಿರುವುದು ಈ ಎರಡನೆಯದು, ಅದೂ ಇನ್ನೂ ಒರಟಾಗಿ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ತಮಿಳುನಾಡೂ ಅದೇ ವರ್ಷ ಅಂಥದೇ ಮಸೂದೆ ಪಾಸು ಮಾಡಿ, ಕಾರ್ಮಿಕರು ತಿರುಗಿಬಿದ್ದ ಮೇಲೆ ಮೇ ದಿನದಂದು ಹಿಂದಕ್ಕೆ ಪಡೆಯಿತು. ನಾಲ್ಕು ಹನ್ನೆರಡಲಿ ನಲವತ್ತೆಂಟು. ಮೂರು ದಿನ ರಜೆ ಸಿಕ್ಕಿತಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿಗೆ ಹೊಲಿಯುವ ಹೆಣ್ಣುಮಗಳನ್ನು ಕೇಳಿ ನೋಡಲಿ. ಹನ್ನೆರಡು ಗಂಟೆ ಮಷಿನ್ನಿನ ಮುಂದೆ ಕೂತು, ಹೋಗಿಬರುವುದಕ್ಕೆ ಎರಡು ಗಂಟೆ ಹಾಕಿ ಮನೆಗೆ ಬಂದರೆ ಮಗು ನಿದ್ದೆ ಹೋಗಿರುತ್ತದೆ. ಮೂರು ದಿನದ ರಜೆಯಲ್ಲಿ ಆ ನಾಲ್ಕು ರಾತ್ರಿಗಳ ಊಟವನ್ನು ಮೊದಲೇ ಮಾಡಿಡಲು ಬರುವುದಿಲ್ಲ. ಮಗುವನ್ನು ಮೊದಲೇ ಮಲಗಿಸಿಡಲೂ ಬರುವುದಿಲ್ಲ. ದಿನದ ಕೆಲಸ ದಿನವೇ ಹುಟ್ಟುತ್ತದೆ. ಮನೆ ಎಂಬುದು ವಾರದ ಲೆಕ್ಕದಲ್ಲಿ ನಡೆಯುವುದಿಲ್ಲ.

ದಣಿವೂ ಹಾಗೆಯೇ. ನಮ್ಮ ಶಾಖೆಯ ಸಂಜೆ ನೋಡಬೇಕು. ಕೌಂಟರ್ ಮುಚ್ಚಿ, ಕ್ಯಾಷಿಯರ್ ಐನೂರರ ಕಟ್ಟು, ನೂರರ ಕಟ್ಟು ಬೇರೆ ಬೇರೆ ಮಾಡಿ ರಬ್ಬರ್ ಹಾಕಿ, ಚಿಲ್ಲರೆ ಎಣಿಸಿ ಕಂಪ್ಯೂಟರಿನ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಯಂತ್ರ ನೋಟನ್ನು ತಪ್ಪಿಲ್ಲದೆ ಎಣಿಸುತ್ತದೆ. ಕ್ಯಾಷ್ ಟ್ಯಾಲಿ ಆಗದಿದ್ದರೆ ಹೆಚ್ಚಾಗಿ ಸಿಕ್ಕುವುದು ಮನುಷ್ಯನ ಬೆರಳು ಎಲ್ಲೋ ಒಂದು ಸೊನ್ನೆ ಹೆಚ್ಚಿಗೆ ಒತ್ತಿದ್ದು, ಒಂದು ಚಲನ್ ಎರಡು ಸಲ ಹೋದದ್ದು. ಆ ವಹಿವಾಟಿನ ಸಮಯ ನೋಡಿದರೆ ಬಹುಪಾಲು ದಿನದ ಕೊನೆಯ ಹೊತ್ತಿನದು. ತಿಜೋರಿಯ ಕೀಲಿ ಇಬ್ಬರ ಕೈಯಲ್ಲಿರುವುದರಿಂದ ಒಬ್ಬರ ಸೊನ್ನೆಗೆ ಇನ್ನೊಬ್ಬರೂ ಕಾಯಬೇಕು. ವೋಚರ್‌ಗಳನ್ನು ಒಂದೊಂದಾಗಿ ಮಗುಚಬೇಕು. ಅಷ್ಟರಲ್ಲಿ ಧಾರವಾಡದ ಚಿಗರಿ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಉಳಿದ ಶನಿವಾರಗಳನ್ನೂ ಬಿಡಿಸಿಕೊಳ್ಳಲು ದಿನಕ್ಕೆ 40 ನಿಮಿಷ ಹೆಚ್ಚು ದುಡಿಯಲು ನಮ್ಮ ಸಂಘಗಳು ಒಪ್ಪಿವೆ. ದಿಲ್ಲಿಯ ಮೇಜಿನ ಮೇಲೆ 40 ನಿಮಿಷ ಚಿಕ್ಕದು. ಕೂಸನ್ನು ಪಾಳಣಾಘರದಲ್ಲಿ ಬಿಟ್ಟು ಬಂದ ನನ್ನ ಕಿರಿಯ ಸಹೋದ್ಯೋಗಿಗೆ ಸಂಜೆಯ 40 ನಿಮಿಷ ಇಡೀ ಶನಿವಾರಕ್ಕಿಂತ ದೊಡ್ಡದು. ಅವಳು ಇದನ್ನು ಊಟದ ಕೋಣೆಯಲ್ಲಿ ಹೇಳಿದಳು, ಸಭೆಯಲ್ಲಿ ಹೇಳಲಿಲ್ಲ. ಸಭೆ ಇದ್ದದ್ದು ಸಂಜೆ ಆರಕ್ಕೆ.

ರಾಜ್ಯ ಸರ್ಕಾರಿ ನೌಕರರ ಕಥೆಯಲ್ಲೂ ಇಂಥದೇ ಒಂದು ಗಂಟಿದೆ. 2019ರಲ್ಲಿ ಅವರಿಗೆ ನಾಲ್ಕನೇ ಶನಿವಾರವೂ ರಜೆಯಾಯಿತು, ಜೊತೆಗೇ ವರ್ಷದ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಮಗುವಿಗೆ ಜ್ವರ ನಾಲ್ಕನೇ ಶನಿವಾರ ನೋಡಿಕೊಂಡು ಬರುವುದಿಲ್ಲ. ಸರ್ಕಾರ ಗೊತ್ತುಮಾಡಿದ ದಿನದ ಬಿಡುವಿಗೂ ನಮಗೆ ಬೇಕಾದ ದಿನ ಸಿಗುವ ಬಿಡುವಿಗೂ ಬೆಲೆ ಒಂದೇ ಅಲ್ಲ. ನನ್ನನ್ನು ಕೇಳಿದ್ದರೆ ಆ ಶನಿವಾರ ವಾಪಸು ಕೊಟ್ಟು ಸಿಎಲ್ ಉಳಿಸಿಕೊಳ್ಳಿ ಎನ್ನುತ್ತಿದ್ದೆ. ಗಂಡಸರು ಎಷ್ಟು ಜನ ಒಪ್ಪುತ್ತಿದ್ದರೋ!

ಚಿಕ್ಕ ವಾರದ ವಿರುದ್ಧ ಹೇಳುವವರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಹಮಾಲರಿಗೆ ಕೂಲಿ ಚೀಲದ ಲೆಕ್ಕ. ಯಾರ್ಡ್ ಮುಚ್ಚಿದ ದಿನ ಚೀಲವಿಲ್ಲ, ಚೀಲವಿಲ್ಲದ ದಿನ ಕೂಲಿಯಿಲ್ಲ. ಬೀಡಿ ಕಟ್ಟುವವರಿಗೆ ಸಾವಿರದ ಲೆಕ್ಕ. ಇವರಿಗೆ ಮತ್ತೊಂದು ರಜೆ ಕೊಡುತ್ತೇವೆ ಎಂದರೆ ಹೊಟ್ಟೆಯ ಮೇಲೆ ಹೊಡೆದಂತೆ. ದೇಶದ ದುಡಿಯುವವರಲ್ಲಿ ತಿಂಗಳ ಸಂಬಳವಿಲ್ಲದವರೇ ಹೆಚ್ಚು ಎಂಬುದನ್ನು ನಾಲ್ಕು ದಿನದ ವಾರದ ಉತ್ಸಾಹಿಗಳು ಮರೆಯುತ್ತಾರೆ. ನವಲಗುಂದದ ಹಳ್ಳಿಯಿಂದ ಉತಾರ ತೆಗೆಸಲು ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಬಂದವನು ಅಂದು ಎರಡನೇ ಶನಿವಾರ ಎಂದು ಬೀಗ ನೋಡಿ ತಿಳಿಯುತ್ತಾನೆ. ನಮ್ಮ ರಜೆಗೆ ಅವನ ಕೂಲಿಯೂ ಹೋಯಿತು. ಬ್ರಿಟನ್ನಿನ ಪ್ರಯೋಗಕ್ಕೆ ಬಂದ ಸಂಸ್ಥೆಗಳು ತಾವಾಗಿಯೇ ಮುಂದೆ ಬಂದವು, ಹೆಚ್ಚಿನವು ಮೇಜು ಕುರ್ಚಿಯ ಕೆಲಸದವು. ಅವರು ಸಭೆಗಳನ್ನು ಕಡಿದು ಹೊತ್ತು ಉಳಿಸಿದರು. ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತ ಅಜ್ಜನನ್ನು ಕಡಿಯಲಾಗುವುದಿಲ್ಲ. ಎರಡನೇ ಶನಿವಾರದ ನಂತರದ ಸೋಮವಾರ ನಮ್ಮ ಶಾಖೆಯ ಬಾಗಿಲು ತೆರೆಯುವ ಹೊತ್ತಿಗೆ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿರುತ್ತದೆ. ಕೆಲಸ ಕಡಿಮೆಯಾಗಿರುವುದಿಲ್ಲ, ಒತ್ತಿಕೊಂಡು ಕೂತಿರುತ್ತದೆ. ಫ್ರಾನ್ಸ್ 35 ಗಂಟೆಯ ನಿಯಮ ತಂದಾಗ ಅಲ್ಲಿನ ಆಸ್ಪತ್ರೆಗಳು ಪೇಚಿಗೆ ಸಿಕ್ಕಿದ್ದೂ ಹೀಗೆಯೇ: ದಾದಿಯರ ಗಂಟೆ ಇಳಿಯಿತು, ದಾದಿಯರ ಸಂಖ್ಯೆ ಅದಕ್ಕೆ ತಕ್ಕಂತೆ ಏರಲಿಲ್ಲ, ತೆಗೆದುಕೊಳ್ಳಲಾಗದ ರಜೆಗಳು ಖಾತೆಯಲ್ಲಿ ಗುಡ್ಡೆಯಾದವು. ಖಾಲಿ ಹುದ್ದೆ ತುಂಬದೆ ಕೊಡುವ ರಜೆ ಸಾಲದ ರಜೆ.

ಮೇಲಾಗಿ ರಜೆ ಈಗ ರಜೆಯಾಗಿ ಉಳಿದಿಲ್ಲ. ಶನಿವಾರ ಬೆಳಿಗ್ಗೆ ದೋಸೆ ಹಂಚು ಕಾಯುವ ಹೊತ್ತಿಗೆ ಶಾಖೆಯ ವಾಟ್ಸ್ಯಾಪ್ ಗುಂಪಿನಲ್ಲಿ ಮೇಲಿನವರ ಸಂದೇಶ: ವಿಮೆ ಎಷ್ಟಾಯಿತು, ಸೋಮವಾರ ಎಷ್ಟು ಖಾತೆ ತೆರೆಯುತ್ತೀರಿ, ಬಡ್ಡಿ ಬಾಕಿಯವರಿಗೆ ಫೋನ್ ಮಾಡಿದಿರಾ. ಉತ್ತರ ಕೊಡಲೇಬೇಕೆಂದೇನೂ ಇಲ್ಲ. ಆದರೆ ಯಾರು ಕೊಡಲಿಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಕೆಲಸ ಮುಗಿದ ಮೇಲೆ ಫೋನಿಗೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ ಕಾನೂನಿಗೆ ಸೇರಿಸಿತು. ಇನ್ನೊಂದು ಶನಿವಾರಕ್ಕಿಂತ ಇರುವ ಶನಿವಾರಕ್ಕೆ ಇಂಥದೊಂದು ಚಿಲಕ ಹಾಕಿಸಿದರೆ ನನಗೆ ಹೆಚ್ಚು ಲಾಭ.

1926ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ಐದು ದಿನದ ವಾರ ತಂದಾಗ ಬಿಚ್ಚುಮನಸ್ಸಿನಿಂದಲೇ ಕಾರಣ ಹೇಳಿದ: ಬಿಡುವಿದ್ದವನು ಕೊಳ್ಳುತ್ತಾನೆ. ಆ ಲೆಕ್ಕ ತಪ್ಪಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ರಸ್ತೆಯಲ್ಲಿ ಭಾನುವಾರ ಸಂಜೆ ನಿಂತು ನೋಡಿದರೆ ಸಾಕು, ಊಟದ ಚೀಲ ಬೆನ್ನಿಗೆ ಹಾಕಿಕೊಂಡು ಹುಡುಗರು ಬೈಕಿನಲ್ಲಿ ಹಾರುತ್ತಿರುತ್ತಾರೆ. ನಾವು ಅಡುಗೆಗೆ ರಜೆ ಹಾಕಿದ ಹೊತ್ತೇ ಅವರಿಗೆ ಉಸಿರಾಡಲು ಪುರಸೊತ್ತಿಲ್ಲದ ಹೊತ್ತು. ಅರ್ಥಶಾಸ್ತ್ರಜ್ಞ ಕೇನ್ಸ್ 1930ರಲ್ಲಿ, ನೂರು ವರ್ಷದಲ್ಲಿ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂದು ಬರೆದ. ಉತ್ಪಾದನೆ ಏರುತ್ತದೆ ಎಂದ ಅವನ ಅಂದಾಜು ಹುಸಿಯಾಗಲಿಲ್ಲ. ಸಾಕು ಎನ್ನುವ ದಿನ ಬರುತ್ತದೆ ಎಂದದ್ದು ಹುಸಿಯಾಯಿತು.

ಸಾಕು ಎಂದವಳು ನಮ್ಮಲ್ಲಿ ಇದ್ದಳು. ಎಪ್ಪತ್ತು ಗಂಟೆಯ ಪರ ವಾದಿಸುವವರು ಕಾಯಕದ ಹೆಸರು ಎತ್ತದೆ ಬಿಡುವುದಿಲ್ಲ. ಆದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ಅವರಿಗೆ ನೆನಪಾಗುವುದಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ದುಡಿಮೆಯನ್ನು ಕಾಯಕವೆಂದು ಎತ್ತರಕ್ಕೇರಿಸಿದ ಜನರೇ ಅದಕ್ಕೆ ಮಿತಿಯನ್ನೂ ಹಾಕಿದ್ದರು, ಹಾಕಿದವಳು ಅಡುಗೆಮನೆಯವಳು. ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳಬೇಕು: ಈ ಮಾತನ್ನು ಎಟಿಎಂ ಕಾವಲಿನವನಿಗೆ ಉಪದೇಶ ಮಾಡಬಾರದು. ಅವನು 84 ಗಂಟೆ ಕೂರುವುದು ಆಸೆಗಲ್ಲ, ಮನೆ ಬಾಡಿಗೆಗೆ. ಲಕ್ಕಮ್ಮ ಕೇಳುವುದಾದರೆ ಕೇಳಬೇಕಾದದ್ದು ಅವನನ್ನು ದುಡಿಸಿ ಹೆಚ್ಚಿನ ಅಕ್ಕಿ ಮನೆಗೆ ಒಯ್ಯುವವರನ್ನು, ಅಂದರೆ ಏಜೆನ್ಸಿಯನ್ನು, ಬ್ಯಾಂಕನ್ನು, ಸ್ವಲ್ಪ ಮಟ್ಟಿಗೆ ನನ್ನನ್ನೂ.

ಆದ್ದರಿಂದ ನನ್ನ ಓಟು ಹೀಗೆ. ಮೊದಲು ದಿನ ಎಂಟು ಗಂಟೆಗೆ ನಿಲ್ಲಲಿ, ಕಾಗದದಲ್ಲಿ ಅಲ್ಲ, ಗಡಿಯಾರದಲ್ಲಿ. ಹನ್ನೆರಡು ಗಂಟೆಯ ದಿನಕ್ಕೆ ಮೂರು ದಿನದ ರಜೆಯ ಆಸೆ ತೋರಿಸುವುದನ್ನು ಸುಧಾರಣೆ ಎಂದು ಕರೆಯುವುದು ಬಿಡಲಿ. ಏಳೂ ದಿನ ದುಡಿಯುವವರಿಗೆ ಆರು ದಿನದ ವಾರ ಬಂದ ಮೇಲೆ, ಆರು ದಿನದ ನಮಗೆ ಐದು ದಿನದ್ದು ಬರಲಿ. ಜೊತೆಯಲ್ಲೇ ಬಂದರೂ ಸರಿ, ಅವರನ್ನು ಬಿಟ್ಟು ಬೇಡ. ಸಂಘದ ಗೆಳೆಯರಲ್ಲಿ ಒಂದು ಕೋರಿಕೆ: ಮುಂದಿನ ಬೇಡಿಕೆ ಪಟ್ಟಿ ಬರೆಯುವಾಗ ಐದು ದಿನದ ವಾರದ ಕೆಳಗೇ ಎಟಿಎಂ ಕಾವಲಿನವರ ವಾರದ ರಜೆ, ಬ್ಯಾಂಕ್ ಮಿತ್ರರ ಖಾಯಂ ಸಂಬಳ, ಈ ಎರಡು ಸಾಲು ಸೇರಿಸಿ. ಸಭೆಯನ್ನು ಮಧ್ಯಾಹ್ನ ಕರೆಯಿರಿ.

ಓದುವ ನಿಮ್ಮಲ್ಲೂ ಒಂದು ಮಾತು. ಐದು ದಿನದ ವಾರಕ್ಕೆ ದಿಲ್ಲಿಯ ಸಹಿ ಬೇಕು. ಮನೆಯಲ್ಲಿ ಪಾತ್ರೆ ತಿಕ್ಕುವವಳಿಗೆ ಸಂಬಳ ಹಿಡಿಯದೆ ವಾರಕ್ಕೊಂದು ದಿನ ಬಿಡಲು ಯಾರ ಸಹಿಯೂ ಬೇಕಿಲ್ಲ. ಬರುವ ಭಾನುವಾರದಿಂದಲೇ ಬಿಡಿ. ಅಂದಿನ ಪಾತ್ರೆಗಳನ್ನು ಮನೆಯ ಗಂಡಸರು ತಿಕ್ಕಲಿ.